ಪೇಜ್, ಆಂಟಲೋಪ್ ಕಂದರ, ಲೇಕ್ ಪೊವೆಲ್: ಎಲ್ಲಿ ತಂಗಬೇಕೆಂದು ನಿರ್ಧರಿಸಲು ಸಮಗ್ರ ಮಾರ್ಗದರ್ಶಿ

ಅಮೆರಿಕದ ಅರಿಜೋನಾ ರಾಜ್ಯದ ಉತ್ತರದ ಅಂಚಿನಲ್ಲಿ, ಯೂಟಾ ಗಡಿಗೆ ಕೆಲವೇ ಮೈಲಿ ಈಚೆಗೆ, ಕೆಂಪು ಮರಳುಗಲ್ಲಿನ ದಿಬ್ಬವೊಂದರ ಮೇಲೆ ಪೇಜ್ ಎಂಬ ಊರಿದೆ. ಸುಮಾರು ಏಳೂವರೆ ಸಾವಿರ ಜನರಿರುವ ಈ ಊರು 1957ರಲ್ಲಿ ಹುಟ್ಟಿದ್ದೇ ಗ್ಲೆನ್ ಕ್ಯಾನಿಯನ್ ಅಣೆಕಟ್ಟು ಕಟ್ಟಲು ಬಂದ ಕೆಲಸಗಾರರ ಬಿಡಾರವಾಗಿ. 710 ಅಡಿ ಎತ್ತರದ ಆ ಅಣೆಕಟ್ಟಿನ ಹಿಂದೆ 1963ರಿಂದ ಕೊಲೊರಾಡೊ ನದಿಯ ನೀರು ನಿಲ್ಲತೊಡಗಿ, ಮರುಭೂಮಿಯ ನಡುವೆ ಲೇಕ್ ಪೊವೆಲ್ ಎಂಬ ಸರೋವರವಾಯಿತು. ಊರಿನ ಪೂರ್ವಕ್ಕೆ ಮರಳುಗಲ್ಲನ್ನು ನೀರು ಕೊರೆದು ಮಾಡಿದ ಕಿರಿದಾದ ಆಂಟಲೋಪ್ ಕಂದರಗಳು, ದಕ್ಷಿಣಕ್ಕೆ ನದಿಯು ಕುದುರೆ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್, ವಾಯವ್ಯಕ್ಕೆ ಸರೋವರದ ದೋಣಿಗಟ್ಟೆಗಳು ಇವೆ. ಎಲ್ಲವೂ ಅರ್ಧ ಗಂಟೆಯ ಹಾದಿಯೊಳಗೇ ಇರುವುದರಿಂದ ಎಲ್ಲಿ ತಂಗಿದರೂ ಒಂದೇ ಎಂದು ನಕ್ಷೆ ನೋಡಿದವರಿಗೆ ಅನ್ನಿಸುತ್ತದೆ, ಆದರೆ ವಾಸ್ತವ ಹಾಗಿಲ್ಲ. ಇಲ್ಲಿ ತಂಗುವ ಜಾಗವನ್ನು ನಿರ್ಧರಿಸಬೇಕಾದದ್ದು ದೂರವಲ್ಲ. ಕಂದರದ ಟಿಕೆಟ್ಟಿನ ಮೇಲಿರುವ ಸಮಯ, ರಾಜ್ಯಗಳ ಗಡಿಯಲ್ಲಿ ಬದಲಾಗುವ ಗಡಿಯಾರ ಮತ್ತು ಬೇರೆ ದಾರಿಯಿಲ್ಲದ ಹೆದ್ದಾರಿಗಳು.

ಕ್ಯಾಲಿಫೋರ್ನಿಯಾ ಮತ್ತು ಅರಿಜೋನಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು, ಊರಿನಿಂದ ಬಂದ ತಂದೆತಾಯಿಯರನ್ನು ಗ್ರ್ಯಾಂಡ್ ಕ್ಯಾನಿಯನ್‌ಗೆ ಕರೆದೊಯ್ಯುವಾಗ ಈ ಭಾಗವನ್ನೂ ಸೇರಿಸಿಕೊಳ್ಳುವುದುಂಟು. ಹಿರಿಯರು, ಮಕ್ಕಳು, ಸಸ್ಯಾಹಾರ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಅಂಥ ಪ್ರವಾಸವನ್ನೂ ಮನಸ್ಸಿನಲ್ಲಿಟ್ಟು ಮುಂದಿನ ಹೆಜ್ಜೆಗಳನ್ನು ಬರೆಯಲಾಗಿದೆ.

ಹೆಜ್ಜೆ 1: ಕೊಠಡಿಗಿಂತ ಮೊದಲು ಕಂದರದ ಸಮಯವನ್ನು ಖಚಿತಪಡಿಸಿಕೊಳ್ಳಿ

ಆಂಟಲೋಪ್ ಕಂದರಗಳು ನವಾಹೊ ಎಂಬ ಮೂಲನಿವಾಸಿ ಜನರ ನೆಲದಲ್ಲಿವೆ. ಅಲ್ಲಿಗೆ ಸ್ವಂತವಾಗಿ ಹೋಗಲು ಅವಕಾಶವಿಲ್ಲ. ಪರವಾನಗಿ ಪಡೆದ ಸಂಸ್ಥೆಯ ಮಾರ್ಗದರ್ಶಿಯ ಜೊತೆಗೆ, ನಿಗದಿಯಾದ ಸಮಯಕ್ಕೆ ಹೋಗಬೇಕು. ಮೇಲಿನ ಕಂದರ (ಅಪ್ಪರ್ ಆಂಟಲೋಪ್) ಎಂಬ ಭಾಗದಲ್ಲಿ ಬಿಸಿಲಿನ ಕೋಲುಗಳು ನೆಲಕ್ಕೆ ಇಳಿಯುವ ದೃಶ್ಯ ಸುಮಾರು ಮಾರ್ಚ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಮಾತ್ರ, ಅದೂ ನಡುಹಗಲಿನ ಆಸುಪಾಸಿನಲ್ಲಿ ಕಾಣಸಿಗುತ್ತದೆ. ಆದ್ದರಿಂದ ಆ ಹೊತ್ತಿನ ಟಿಕೆಟ್‌ಗಳು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತವೆ ಮತ್ತು ಬೆಲೆಯೂ ಹೆಚ್ಚಿರುತ್ತದೆ. ಪೇಜ್‌ನಲ್ಲಿ ಕೊಠಡಿಗಳು ಬೇಕಾದಷ್ಟಿವೆ. ನಿಮಗೆ ಬೇಕಾದ ದಿನದ, ಬೇಕಾದ ಗಂಟೆಯ ಟಿಕೆಟ್ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಮೊದಲು ಹೋಟೆಲ್ ಹಿಡಿದು ಆಮೇಲೆ ಟಿಕೆಟ್ ಹುಡುಕುವವರು, ಬೆಳಿಗ್ಗೆ ಏಳಕ್ಕೋ ಸಂಜೆ ನಾಲ್ಕಕ್ಕೋ ಸಿಕ್ಕ ಟಿಕೆಟ್ಟಿಗೆ ತಕ್ಕಂತೆ ಇಡೀ ಪ್ರವಾಸವನ್ನೇ ತಿರುಗಿಸಬೇಕಾಗುತ್ತದೆ.

ಮೇಲಿನ ಕಂದರ ಮತ್ತು ಕೆಳಗಿನ ಕಂದರ ಎರಡೂ ಒಂದೇ ಹಳ್ಳದ ಭಾಗಗಳಾದರೂ ಅನುಭವ ಬೇರೆ. ಮೇಲಿನದು ಬುಡದಲ್ಲಿ ಅಗಲ, ನೆತ್ತಿಯಲ್ಲಿ ಕಿರಿದು; ಒಳಗಿನ ನೆಲ ಬಹುಮಟ್ಟಿಗೆ ಸಮತಟ್ಟಾದ ಮರಳು. ಆದರೆ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬಂದ ಮೇಲೆ, ಹಿಂದಿರುಗುವ ದಾರಿಯಲ್ಲಿ ಮೆಟ್ಟಿಲುಗಳಿವೆ ಎಂಬುದನ್ನು ಮಂಡಿನೋವಿನವರು ತಿಳಿದಿರಬೇಕು. ಕೆಳಗಿನದು ಮೇಲೆ ಅಗಲ, ಕೆಳಗೆ ಕಿರಿದು; ಕಡಿದಾದ ಕಬ್ಬಿಣದ ಮೆಟ್ಟಿಲುಗಳನ್ನು ಇಳಿದು ಹತ್ತಬೇಕು, ಕೆಲವು ಕಡೆ ಹೆಜ್ಜೆ ಇಡಲು ಒಂದು ಪಾದದಷ್ಟೇ ಜಾಗವಿರುತ್ತದೆ. ಟಿಕೆಟ್ ಕೊಳ್ಳುವಾಗ ಇನ್ನೂ ಒಂದು ವಿಷಯ ಗಮನಿಸಿ. ಮೇಲಿನ ಕಂದರದ ಕೆಲವು ಸಂಸ್ಥೆಗಳು ಊರಿನೊಳಗಿನ ಕಚೇರಿಯಿಂದಲೇ ತಮ್ಮ ವಾಹನದಲ್ಲಿ ಕರೆದೊಯ್ಯುತ್ತವೆ, ಇನ್ನು ಕೆಲವು 98ನೇ ಹೆದ್ದಾರಿಯ ಬದಿಯ ಪ್ರವೇಶದ್ವಾರದಲ್ಲಿ ಸೇರಿಸಿಕೊಳ್ಳುತ್ತವೆ. ಹೊರಡುವ ಜಾಗ ಊರಿನೊಳಗಿದ್ದರೆ, ನಡೆದು ಹೋಗಬಹುದಾದ ಹೋಟೆಲ್ಲನ್ನೇ ಆರಿಸಬಹುದು.

ಹೆಜ್ಜೆ 2: ಗಡಿಯಾರದ ಗೊಂದಲವನ್ನು ಕಾಗದದ ಮೇಲೆ ಬಿಡಿಸಿಕೊಳ್ಳಿ

ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದಿಲ್ಲ. ಯೂಟಾ ತಿರುಗಿಸುತ್ತದೆ. ನವಾಹೊ ಜನರ ಸ್ವಯಮಾಡಳಿತದ ಪ್ರದೇಶವಾದ ನವಾಹೊ ನೇಷನ್ ಬಹುಪಾಲು ಅರಿಜೋನಾದೊಳಗೇ ಇದ್ದರೂ ಅದೂ ತಿರುಗಿಸುತ್ತದೆ. ಹೀಗಾಗಿ ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ, ಪೇಜ್‌ನಲ್ಲಿ ಬೆಳಿಗ್ಗೆ ಒಂಬತ್ತಾದಾಗ ಹತ್ತು ಮೈಲಿ ಆಚೆಯ ಯೂಟಾದಲ್ಲಿ ಹತ್ತಾಗಿರುತ್ತದೆ. ಆಂಟಲೋಪ್ ಕಂದರ ನವಾಹೊ ನೆಲದಲ್ಲಿದ್ದರೂ ಅಲ್ಲಿನ ಪ್ರವಾಸಗಳು ಪೇಜ್‌ನ ಸಮಯವನ್ನೇ ಅನುಸರಿಸುತ್ತವೆ.

ನಿಮ್ಮ ಮೊಬೈಲ್‌ಗೆ ಇದಾವುದೂ ತಿಳಿಯದು. ಗಡಿಯ ಆಚೆಯ ಗೋಪುರದ ಸಂಕೇತ ಸಿಕ್ಕ ಕೂಡಲೇ ಅದು ಒಂದು ಗಂಟೆ ಮುಂದಕ್ಕೆ ಜಿಗಿಯುತ್ತದೆ, ಹೋಟೆಲ್ ಕೊಠಡಿಯ ಕಿಟಕಿಯ ಬಳಿ ಒಂದು ಸಮಯ, ಸ್ನಾನದ ಮನೆಯ ಬಳಿ ಇನ್ನೊಂದು ಸಮಯ ತೋರಿಸುವುದೂ ಉಂಟು. ಆದ್ದರಿಂದ ಫೋನಿನ ಸ್ವಯಂಚಾಲಿತ ಸಮಯವನ್ನು ನಿಲ್ಲಿಸಿ, ಫೀನಿಕ್ಸ್ ನಗರದ ಸಮಯಕ್ಕೆ ಕೈಯಾರೆ ಹೊಂದಿಸುವುದು ಒಳ್ಳೆಯದು.

ತಂಗುವ ಜಾಗಕ್ಕೂ ಇದಕ್ಕೂ ಏನು ಸಂಬಂಧ ಎಂದರೆ, ಯೂಟಾ ಕಡೆಯಲ್ಲಿ ಮಲಗಿ ಪೇಜ್ ಕಡೆಗೆ ಬರುವವರಿಗೆ ಬೇಸಿಗೆಯಲ್ಲಿ ಒಂದು ಗಂಟೆ ಲಾಭ. ತಪ್ಪು ಮಾಡಿದರೂ ಬೇಗ ಬಂದು ಕಾಯುತ್ತೀರಿ, ಅಷ್ಟೆ. ಪೇಜ್‌ನಲ್ಲಿ ಮಲಗಿ ಯೂಟಾದ ಝಯಾನ್ ರಾಷ್ಟ್ರೀಯ ಉದ್ಯಾನದ ಕಡೆಗೋ ನವಾಹೊ ನೆಲದ ಮಾನ್ಯುಮೆಂಟ್ ವ್ಯಾಲಿಯ ಕಡೆಗೋ ಹೊರಡುವವರಿಗೆ ಅದೇ ಒಂದು ಗಂಟೆ ನಷ್ಟ, ಮತ್ತು ಅಲ್ಲಿ ಮುಂಗಡ ಕಾಯ್ದಿರಿಸಿದ ಪ್ರವಾಸ ತಪ್ಪಿಹೋಗುವುದು ಹೀಗೆಯೇ. ಪ್ರತಿ ಟಿಕೆಟ್ ಮತ್ತು ಪ್ರತಿ ಹೋಟೆಲ್ಲಿನ ಎದುರು ಅದು ಯಾವ ಗಡಿಯಾರ ಎಂದು ಬರೆದಿಟ್ಟ ಒಂದು ಹಾಳೆ ಕಾರಿನಲ್ಲಿರಲಿ.

ಹೆಜ್ಜೆ 3: ತಂಗಬಹುದಾದ ಪ್ರದೇಶಗಳನ್ನು ಒಂದೊಂದಾಗಿ ತೂಗಿ ನೋಡಿ

ಪೇಜ್ ಊರಿನೊಳಗೆ

ಮೊದಲ ಸಲ ಬರುವವರಿಗೆ, ಅದರಲ್ಲೂ ಒಂದೆರಡು ರಾತ್ರಿ ಮಾತ್ರ ಇರುವವರಿಗೆ, ನನ್ನ ಸಲಹೆ ಪೇಜ್ ಊರೇ. ಊರು ಚೆಲುವಾಗಿದೆ ಎಂಬ ಕಾರಣಕ್ಕಲ್ಲ. ಅದು ಅಷ್ಟೇನೂ ಚೆಲುವಾಗಿಲ್ಲ. ಲೇಕ್ ಪೊವೆಲ್ ಬುಲೆವಾರ್ಡ್ ಎಂಬ ಬಳಸುಹಾದಿಯ ಎರಡೂ ಬದಿಗೆ ಹೋಟೆಲ್ಲುಗಳು, ಪೆಟ್ರೋಲ್ ಬಂಕ್‌ಗಳು, ಸಾಲಾಗಿ ಚರ್ಚುಗಳು ಇರುವ ಕೆಲಸದ ಊರು ಅದು. ಆದರೆ ಕಂದರದ ಪ್ರವೇಶದ್ವಾರ, ಹಾರ್ಸ್‌ಶೂ ಬೆಂಡ್, ಅಣೆಕಟ್ಟು ಮೂರೂ ಹತ್ತು ಹದಿನೈದು ನಿಮಿಷಗಳ ದೂರದಲ್ಲಿವೆ. ದಿನಸಿ ಅಂಗಡಿ, ಔಷಧ, ಆಸ್ಪತ್ರೆ ಇಲ್ಲಿವೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕೊಠಡಿಗೆ ಮರಳಿ ಎರಡು ಗಂಟೆ ಮಲಗಿ ಸಂಜೆ ಮತ್ತೆ ಹೊರಡಲು ಸಾಧ್ಯ. ಹಿರಿಯರಿದ್ದರೆ ಈ ಕೊನೆಯ ಅನುಕೂಲವೊಂದೇ ಉಳಿದೆಲ್ಲಕ್ಕಿಂತ ದೊಡ್ಡದು.

ಊರಿನೊಳಗೂ ಮೂರು ಬಗೆಯ ವಸತಿಗಳಿವೆ. ಮೊದಲನೆಯದು ದೊಡ್ಡ ಸರಣಿ ಹೋಟೆಲ್ಲುಗಳು: ಎಲ್ಲ ಕಡೆ ಇರುವಂಥವೇ, ಕೊಠಡಿ ವಿಶಾಲ, ಬೆಳಗಿನ ಉಪಾಹಾರ ಹಲವೆಡೆ ಬಾಡಿಗೆಯಲ್ಲೇ ಸೇರಿರುತ್ತದೆ. ದಿಬ್ಬದ ಅಂಚಿನಲ್ಲಿರುವ ಕೆಲವು ಹೋಟೆಲ್ಲುಗಳ ಒಂದು ಬದಿಯ ಕೊಠಡಿಗಳಿಂದ ಅಣೆಕಟ್ಟು ಮತ್ತು ಸರೋವರ ಕಾಣುತ್ತವೆ, ಇನ್ನೊಂದು ಬದಿಯಿಂದ ಪಾರ್ಕಿಂಗ್ ಕಾಣುತ್ತದೆ. ಕಾಯ್ದಿರಿಸುವಾಗ ಯಾವ ಬದಿ ಎಂದು ಕೇಳದಿದ್ದರೆ ಎರಡನೆಯದೇ ಸಿಗುವ ಸಂಭವ ಹೆಚ್ಚು.

ಎರಡನೆಯದು ಎಂಟನೇ ಅವೆನ್ಯೂದ ಹಳೆಯ ಮೋಟೆಲ್‌ಗಳು. ಈ ಬೀದಿಯನ್ನು ಊರವರು ಪುಟ್ಟ ಮೋಟೆಲ್‌ಗಳ ಬೀದಿ ಎಂದೇ ಕರೆಯುತ್ತಾರೆ. 1950ರ ದಶಕದ ಕೊನೆಯಲ್ಲಿ ಅಣೆಕಟ್ಟಿನ ಕೆಲಸಕ್ಕೆ ಬಂದವರಿಗಾಗಿ ಕಟ್ಟಿದ ತಗ್ಗು ಸೂರಿನ ಮನೆಗಳು, ಕೆಲಸ ಮುಗಿದು ಜನ ಹೊರಟ ಮೇಲೆ ಒಂದೊಂದಾಗಿ ಮೋಟೆಲ್‌ಗಳಾದವು. ಅವು ಮೊದಲು ಸಂಸಾರಗಳು ಬದುಕಿದ ಮನೆಗಳಾದ್ದರಿಂದ ಕೆಲವು ಘಟಕಗಳಲ್ಲಿ ಇಂದಿಗೂ ಅಡುಗೆಮನೆ, ಪ್ರತ್ಯೇಕ ಮಲಗುವ ಕೋಣೆ, ಹಿಂದೆ ಚಿಕ್ಕ ಅಂಗಳ ಇವೆ. ಗೋಡೆಗಳು ಹಳೆಯವು, ಹವಾನಿಯಂತ್ರಕದ ಸದ್ದು ಇರುತ್ತದೆ, ಸ್ವಾಗತದ ಮೇಜು ರಾತ್ರಿ ಬೇಗ ಮುಚ್ಚುತ್ತದೆ; ಅದನ್ನು ಸಹಿಸಿಕೊಳ್ಳಬಲ್ಲ ಕುಟುಂಬಕ್ಕೆ ಅನ್ನ ಸಾರು ಮಾಡಿಕೊಂಡು ಉಣ್ಣಲು ಇದಕ್ಕಿಂತ ಅಗ್ಗದ ಜಾಗ ಈ ಊರಿನಲ್ಲಿ ಸಿಗುವುದು ಕಷ್ಟ.

ಮೂರನೆಯದು ಬಾಡಿಗೆಗೆ ಸಿಗುವ ಪೂರ್ಣ ಮನೆಗಳು. ಎರಡು ಕುಟುಂಬಗಳು ಒಟ್ಟಿಗೆ ಬಂದರೆ ಇವು ಲಾಭದಾಯಕ. ಆದರೆ ಒಂದೇ ರಾತ್ರಿಗೆ ಹಿಡಿದರೆ ಸ್ವಚ್ಛತೆಯ ಶುಲ್ಕವೇ ಬಾಡಿಗೆಯ ಹತ್ತಿರಕ್ಕೆ ಬಂದುಬಿಡಬಹುದು.

ಸರೋವರದ ದಂಡೆಯಲ್ಲಿ: ವಾವೀಪ್

ಪೇಜ್‌ನಿಂದ ಅಣೆಕಟ್ಟಿನ ಪಕ್ಕದ ಸೇತುವೆ ದಾಟಿ ಸುಮಾರು ಆರು ಮೈಲಿ ಹೋದರೆ ವಾವೀಪ್ ದೋಣಿಗಟ್ಟೆ. ನೀರಿನ ಎದುರಿಗೇ ಕೊಠಡಿಗಳಿರುವ ರೆಸಾರ್ಟ್, ಟೆಂಟ್ ಮತ್ತು ಒಳಗೇ ಮಲಗಬಹುದಾದ ಆರ್‌ವಿ ವಾಹನಗಳ ಶಿಬಿರ, ದೋಣಿ ಬಾಡಿಗೆ, ಎಲ್ಲವೂ ಇಲ್ಲಿವೆ. ಪ್ರವಾಸದ ಮುಖ್ಯ ಉದ್ದೇಶ ಸರೋವರವಾಗಿದ್ದರೆ ಇಲ್ಲಿಯೇ ತಂಗಬೇಕು. ಸುಮಾರು 290 ಅಡಿ ಎತ್ತರದ ಕಲ್ಲಿನ ಕಮಾನಾದ ರೇನ್‌ಬೋ ಬ್ರಿಡ್ಜ್‌ಗೆ ಹೋಗುವ ದೋಣಿಯಾನ ಸುಮಾರು 50 ಮೈಲಿ ನೀರಿನ ಹಾದಿ. ಬೆಳಿಗ್ಗೆ ಇಲ್ಲಿಂದಲೇ ಹೊರಡುವುದರಿಂದ ಹಾಸಿಗೆಯಿಂದ ಎದ್ದು ದಡಕ್ಕೆ ನಡೆದುಹೋದರೆ ಸಾಕು. ಸಂಜೆಯ ಹೊತ್ತು ಎದುರಿನ ಬೆಟ್ಟಗಳು ಕೆಂಪಿನಿಂದ ನೇರಳೆಗೆ ತಿರುಗುವುದನ್ನು ಕೊಠಡಿಯ ಬಾಲ್ಕನಿಯಲ್ಲೇ ಕುಳಿತು ನೋಡಬಹುದು.

ಆದರೆ ಮೂರು ಎಚ್ಚರಿಕೆಗಳಿವೆ. ಇದು ಗ್ಲೆನ್ ಕ್ಯಾನಿಯನ್ ರಾಷ್ಟ್ರೀಯ ಮನರಂಜನಾ ಪ್ರದೇಶದೊಳಗೆ ಇರುವುದರಿಂದ ಕೊಠಡಿ ಕಾಯ್ದಿರಿಸಿದವರೂ ಪ್ರವೇಶ ಶುಲ್ಕ ಕೊಡಬೇಕು. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಅದು ಇಲ್ಲಿ ನಡೆಯುತ್ತದೆ. ಹಾರ್ಸ್‌ಶೂ ಬೆಂಡ್‌ನ ಪಾರ್ಕಿಂಗನ್ನು ಪೇಜ್ ನಗರಾಡಳಿತ ನಡೆಸುವುದರಿಂದ ಅದೇ ಪಾಸ್ ಅಲ್ಲಿ ನಡೆಯುವುದಿಲ್ಲ, ಆಂಟಲೋಪ್‌ನಲ್ಲೂ ನಡೆಯುವುದಿಲ್ಲ. ಎರಡನೆಯದಾಗಿ, ಊಟಕ್ಕೆ ಆಯ್ಕೆ ಕಡಿಮೆ. ರಾತ್ರಿ ಮೊಸರು ಬೇಕೆಂದರೂ ಪೇಜ್‌ಗೆ ಓಡಬೇಕು. ಮೂರನೆಯದಾಗಿ, ಚಳಿಗಾಲದಲ್ಲಿ ದೋಣಿಯಾನ, ಊಟದ ಮನೆ ಮುಂತಾದ ಸೇವೆಗಳು ಬಹಳವಾಗಿ ಕುಗ್ಗುತ್ತವೆ. ಆಗ ಇಲ್ಲಿ ಉಳಿಯುವುದರಲ್ಲಿ ನೋಟದ ಸುಖ ಬಿಟ್ಟರೆ ಹೆಚ್ಚಿನದೇನಿಲ್ಲ.

ನೀರಿನ ಮೇಲೆ: ಹೌಸ್‌ಬೋಟ್

ಲೇಕ್ ಪೊವೆಲ್ ತುಂಬಿದಾಗ 186 ಮೈಲಿ ಉದ್ದ, ಅದರ ದಂಡೆ ಸುಮಾರು 2,000 ಮೈಲಿ. ನೂರಾರು ಪಕ್ಕದ ಕಂದರಗಳಿಗೆ ನೀರು ನುಗ್ಗಿರುವುದೇ ಇಷ್ಟು ಉದ್ದದ ದಂಡೆಗೆ ಕಾರಣ. ರಸ್ತೆಯೇ ಇಲ್ಲದ ಆ ಕಂದರಗಳಲ್ಲಿ ರಾತ್ರಿ ಕಳೆಯಬೇಕೆಂದರೆ ಹೌಸ್‌ಬೋಟ್ ಮುಖ್ಯ ದಾರಿ. ಕೇರಳದ ಹಿನ್ನೀರಿನ ಹೌಸ್‌ಬೋಟ್ ಕಂಡವರು ಇದನ್ನೂ ಹಾಗೆಯೇ ಎಂದು ಭಾವಿಸಬಾರದು. ಇಲ್ಲಿ ಅಂಬಿಗನೂ ಇರುವುದಿಲ್ಲ, ಅಡುಗೆಯವನೂ ಇರುವುದಿಲ್ಲ. ದೋಣಿಗಟ್ಟೆಯಲ್ಲಿ ಒಂದಿಷ್ಟು ತರಬೇತಿ ಕೊಟ್ಟು ಕೀಲಿಯನ್ನು ನಿಮ್ಮ ಕೈಗೇ ಕೊಡುತ್ತಾರೆ. ದೋಣಿಯನ್ನು ಮರಳಿನ ದಂಡೆಗೆ ತಂದು ನಿಲ್ಲಿಸುವುದು, ಲಂಗರುಗಳನ್ನು ದೂರಕ್ಕೆ ಎಳೆದು ಗುಂಡಿ ತೋಡಿ ಹೂಳುವುದು, ರಾತ್ರಿ ಗಾಳಿ ಎದ್ದಾಗ ಹಗ್ಗ ಸಡಿಲವಾಗಿದೆಯೇ ನೋಡುವುದು, ಎಲ್ಲವೂ ನಿಮ್ಮದೇ ಕೆಲಸ. ಗಟ್ಟಿಮುಟ್ಟಾದ ನಾಲ್ವರಾದರೂ ಇಲ್ಲದ ಗುಂಪು ಇದಕ್ಕೆ ಕೈಹಾಕದಿರುವುದು ಲೇಸು.

ಬಾಡಿಗೆಗೆ ಸಾಮಾನ್ಯವಾಗಿ ಕನಿಷ್ಠ ಕೆಲವು ರಾತ್ರಿಗಳ ಷರತ್ತು ಇರುತ್ತದೆ, ಇಂಧನದ ಖರ್ಚು ಪ್ರತ್ಯೇಕ. ಹವಾನಿಯಂತ್ರಕ ನಡೆಯಬೇಕಾದರೆ ಜನರೇಟರ್ ಓಡುತ್ತಿರಬೇಕು. ಅದು ಓಡುವಾಗ ದೋಣಿಯ ಹಿಂಬದಿಯ ನೀರಿನಲ್ಲಿ ಯಾರೂ ಈಜಬಾರದು, ಏಕೆಂದರೆ ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಲ್ಲಿಯೇ ಶೇಖರವಾಗುತ್ತದೆ, ಈ ಸರೋವರದಲ್ಲಿ ಅದರಿಂದ ಜೀವಗಳು ಹೋಗಿವೆ. ಪಕ್ಕದ ಕಂದರಗಳಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ ದೋಣಿಯ ರೇಡಿಯೊ ಬಳಸುವುದನ್ನು ತರಬೇತಿಯ ಹೊತ್ತಿನಲ್ಲೇ ಕಲಿತುಕೊಳ್ಳಿ.

ಕಾಯ್ದಿರಿಸುವ ಮುನ್ನ ನೀರಿನ ಮಟ್ಟ ನೋಡುವುದೂ ಅಗತ್ಯ. 2023ರ ವಸಂತದ ಹೊತ್ತಿಗೆ ಸರೋವರ ತುಂಬಿದ ಮಟ್ಟಕ್ಕಿಂತ ಸುಮಾರು 180 ಅಡಿ ಕೆಳಗಿಳಿದಿತ್ತು. ಮಟ್ಟ ಇಳಿದಾಗ ದೋಣಿ ಇಳಿಸುವ ಇಳಿಜಾರುಗಳು ಬಳಕೆಗೆ ಸಿಗದೆ ಹೋಗುತ್ತವೆ, ಕೆಲವು ದೋಣಿಹಾದಿಗಳು ಮುಚ್ಚುತ್ತವೆ, ರೇನ್‌ಬೋ ಬ್ರಿಡ್ಜ್‌ನಲ್ಲಿ ದೋಣಿಯಿಂದ ಇಳಿದು ನಡೆಯುವ ದೂರ ಹೆಚ್ಚಾಗುತ್ತದೆ. ಇನ್ನೊಂದು ಸೂಕ್ಷ್ಮ: ವಾವೀಪ್ ಮತ್ತು ಆಂಟಲೋಪ್ ಪಾಯಿಂಟ್ ದೋಣಿಗಟ್ಟೆಗಳು ಪೇಜ್ ಪಕ್ಕದಲ್ಲಿವೆ, ಬುಲ್‌ಫ್ರಾಗ್ ದೋಣಿಗಟ್ಟೆಯೂ ಇದೇ ಸರೋವರದ್ದೇ ಆದರೂ ರಸ್ತೆಯಲ್ಲಿ ಅದು ಹಲವು ಗಂಟೆಗಳ ಪ್ರಯಾಣ. ಜಾಲತಾಣದಲ್ಲಿ ಲೇಕ್ ಪೊವೆಲ್ ಎಂಬ ಹೆಸರು ನೋಡಿ ಬುಲ್‌ಫ್ರಾಗ್‌ನ ಕೊಠಡಿ ಹಿಡಿದುಬಿಟ್ಟರೆ ಮರುದಿನ ಬೆಳಗಿನ ಆಂಟಲೋಪ್ ಟಿಕೆಟ್ ಕೈಬಿಟ್ಟಂತೆಯೇ.

ಗಡಿಯಾಚೆ: ಬಿಗ್ ವಾಟರ್ ಮತ್ತು ಕನಾಬ್

ಪೇಜ್‌ನಿಂದ ವಾಯವ್ಯಕ್ಕೆ ಸುಮಾರು ಹದಿನೈದು ಮೈಲಿಗೆ ಯೂಟಾದ ಬಿಗ್ ವಾಟರ್ ಎಂಬ ಸಣ್ಣ ಊರು. ಅದರ ಆಸುಪಾಸಿನಲ್ಲಿ ಬಾಡಿಗೆ ಮನೆಗಳು, ಟೆಂಟ್ ವಸತಿಗಳು ಇವೆ, ಮತ್ತು ಹಣದ ಚಿಂತೆಯಿಲ್ಲದವರಿಗೆ ಕ್ಯಾನಿಯನ್ ಪಾಯಿಂಟ್‌ನಲ್ಲಿ 2009ರಲ್ಲಿ ತೆರೆದ ಅಮನ್‌ಗಿರಿ ಎಂಬ ಅತ್ಯಂತ ದುಬಾರಿ ವಿಹಾರಧಾಮವೂ ಇದೆ. ರಾತ್ರಿಯ ಆಕಾಶ ಇಲ್ಲಿ ಪೇಜ್‌ಗಿಂತ ಕಪ್ಪು. ಆದರೆ ಹಾಲು ಮೊಟ್ಟೆಗೂ ಪೇಜ್‌ಗೇ ಬರಬೇಕು.

ಕನಾಬ್ 74 ಮೈಲಿ, ಅಂದರೆ ಸುಮಾರು ಒಂದೂಕಾಲು ಗಂಟೆ. ಝಯಾನ್ ಮತ್ತು ಬ್ರೈಸ್ ಉದ್ಯಾನಗಳು, ಆಂಟಲೋಪ್ ಮೂರನ್ನೂ ಒಂದೇ ಬಿಡಾರದಿಂದ ನೋಡಬೇಕೆನ್ನುವವರಿಗೆ ಇದು ನಡುವಿನ ಊರು. ಮತ್ತೆ ಮತ್ತೆ ಸಾಮಾನು ಬಿಚ್ಚಿ ಕಟ್ಟುವ ಕೆಲಸ ತಪ್ಪುತ್ತದೆ. ಊರೂ ಪೇಜ್‌ಗಿಂತ ಆಪ್ಯಾಯಮಾನವಾಗಿದೆ. ಆದರೆ ಸರೋವರಕ್ಕಾಗಿ ಬಂದವರು ಇಲ್ಲಿ ತಂಗುವುದರಲ್ಲಿ ಅರ್ಥವಿಲ್ಲ.

ನವಾಹೊ ನೆಲದಲ್ಲಿ

ಪೇಜ್‌ಗೆ ಅಂಟಿಕೊಂಡಿರುವ ಲೆಚೀ ಮತ್ತು ಅದರಾಚೆಯ ಹಳ್ಳಿಗಳಲ್ಲಿ ಕೆಲವು ನವಾಹೊ ಕುಟುಂಬಗಳು ಹೋಗನ್ ಎಂಬ ತಮ್ಮ ಸಾಂಪ್ರದಾಯಿಕ ಗುಂಡು ಮನೆಗಳಲ್ಲಿ, ಇಲ್ಲವೇ ಡೇರೆಗಳಲ್ಲಿ ಅತಿಥಿಗಳಿಗೆ ವಸತಿ ಕೊಡುತ್ತವೆ. ಮರದ ದಿಮ್ಮಿಗಳ ಈ ಮನೆಯ ಬಾಗಿಲು ಪೂರ್ವಕ್ಕಿರುತ್ತದೆ. ಬೆಳಗಿನ ಬಿಸಿಲು ಮೊದಲು ಒಳಗೇ ಬಂದು ನಿಮ್ಮನ್ನು ಎಬ್ಬಿಸುತ್ತದೆ. ಹಲವು ಕಡೆ ಕೊಳಾಯಿ ನೀರು, ವಿದ್ಯುತ್ ಇರುವುದಿಲ್ಲ; ಶೌಚಾಲಯ ಹೊರಗಿರಬಹುದು; ತಲುಪುವ ಕೊನೆಯ ಹಾದಿ ಮರಳಿನದಾಗಿರಬಹುದು, ಬಾಡಿಗೆ ಕಾರಿನ ಒಪ್ಪಂದದಲ್ಲಿ ಕಚ್ಚಾ ರಸ್ತೆಗೆ ನಿಷೇಧವಿರಬಹುದು. ನವಾಹೊ ನೇಷನ್‌ನಲ್ಲಿ ಮದ್ಯವನ್ನು ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧ. ಮನೆಯವರ, ಮಕ್ಕಳ, ಪೂಜಾ ವಸ್ತುಗಳ ಚಿತ್ರ ತೆಗೆಯುವ ಮುನ್ನ ಕೇಳಬೇಕು. ಇದಕ್ಕೆಲ್ಲ ಸಿದ್ಧವಿರುವವರಿಗೆ ಒಂದು ರಾತ್ರಿ ಇಲ್ಲಿ ಕಳೆಯುವುದು ಯಾವ ಸರಣಿ ಹೋಟೆಲ್ಲಿಗಿಂತಲೂ ಮೇಲು ಎಂದು ನಾನು ಹೇಳುತ್ತೇನೆ. ನೀವು ನೋಡಲು ಬಂದ ಕಂದರಗಳ ನೆಲ ಯಾರದೋ ಅವರ ಬಾಯಿಂದಲೇ ಆ ನೆಲದ ಮಾತು ಕೇಳುವ ಅವಕಾಶ ಅದು.

ದೂರದ ಬಿಡಾರಗಳು

ದಕ್ಷಿಣಕ್ಕೆ 135 ಮೈಲಿಯ ಫ್ಲಾಗ್‌ಸ್ಟಾಫ್‌ನಿಂದ ಒಂದೇ ದಿನದಲ್ಲಿ ಬಂದು ಹೋಗುವವರಿದ್ದಾರೆ. ಎರಡೂಕಾಲು ಗಂಟೆ ಬರುವುದು, ಅಷ್ಟೇ ಹೊತ್ತು ಹಿಂದಿರುಗುವುದು. ಹಿಂದಿರುಗುವಾಗ ಕತ್ತಲಾದರೆ ಹೆದ್ದಾರಿಗೆ ಅಡ್ಡ ಬರುವ ದನ, ಕುದುರೆಗಳ ಅಪಾಯ ನಿಜವಾದದ್ದು. ಈ ಮಾರ್ಗದಲ್ಲಿ ಪರ್ಯಾಯ ಹಾದಿಗಳೂ ಕಡಿಮೆ. 2013ರ ಫೆಬ್ರವರಿಯಲ್ಲಿ ಪೇಜ್‌ನ ದಕ್ಷಿಣಕ್ಕೆ 89ನೇ ಹೆದ್ದಾರಿಯ ಒಂದು ಭಾಗ ಭೂಕುಸಿತದಿಂದ ಬಿರಿದು, ಅದು ಮತ್ತೆ ತೆರೆದದ್ದು 2015ರಲ್ಲಿ. ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನಿಂದ ಬರುವವರು ಕ್ಯಾಮರನ್ ಊರಿನಲ್ಲಿ ಒಂದು ರಾತ್ರಿ ನಿಂತು ಮರುದಿನ ಪೇಜ್‌ಗೆ ಬರುವುದು ಹಿರಿಯರಿಗೆ ಹಿತ. ಪಶ್ಚಿಮದ ಮಾರ್ಬಲ್ ಕ್ಯಾನಿಯನ್ ಬಳಿ, ವರ್ಮಿಲಿಯನ್ ಕ್ಲಿಫ್ಸ್‌ನ ಬುಡದಲ್ಲಿ ಕೆಲವು ಹಳೆಯ ಲಾಡ್ಜ್‌ಗಳಿವೆ. ಅವು ಮೀನು ಹಿಡಿಯುವವರ, ತೆಪ್ಪದವರ ಜಾಗಗಳು, ಸದ್ದಿಲ್ಲದ ರಾತ್ರಿ ಬೇಕಾದವರಿಗೂ ಸರಿ.

ಹೆಜ್ಜೆ 4: ಋತುವನ್ನು ನೋಡಿ ವಸತಿಯ ಬಗೆ ಬದಲಿಸಿ

ಜೂನ್‌ನಿಂದ ಆಗಸ್ಟ್‌ವರೆಗೆ ಹಗಲಿನ ಉಷ್ಣತೆ 36 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ರಾಯಚೂರು, ಕಲಬುರಗಿಯ ಬಿಸಿಲು ಕಂಡವರಿಗೆ ಅಂಕಿ ಹೊಸದಲ್ಲ, ಆದರೆ ಇಲ್ಲಿನ ಗಾಳಿಯಲ್ಲಿ ತೇವವೇ ಇಲ್ಲದ್ದರಿಂದ ಬೆವರು ಕಾಣುವ ಮೊದಲೇ ಆರುತ್ತದೆ, ಬಾಯಾರಿಕೆ ತಿಳಿಯುವ ಹೊತ್ತಿಗೆ ತಲೆ ಸುತ್ತಿರುತ್ತದೆ. ಹಾರ್ಸ್‌ಶೂ ಬೆಂಡ್‌ನಲ್ಲಿ ಹೋಗಿ ಬರುವ ಒಂದೂವರೆ ಮೈಲಿ ದಾರಿಯಲ್ಲಿ ನೆರಳು ತೀರ ಕಡಿಮೆ. ಈ ತಿಂಗಳುಗಳಲ್ಲಿ ಟೆಂಟ್ ಬೇಡ. ಹವಾನಿಯಂತ್ರಕವಿರುವ, ಮಧ್ಯಾಹ್ನ ಮರಳಬಹುದಾದ, ಈಜುಕೊಳವಿದ್ದರೆ ಇನ್ನೂ ಒಳ್ಳೆಯದಾದ ಕೊಠಡಿ ಬೇಕು. ಸರೋವರದ ನೀರು ಈಜಲು ಹಿತವಾಗಿರುವುದೂ ಇದೇ ಕಾಲದಲ್ಲಿ. ಅಣೆಕಟ್ಟಿನ ಕೆಳಗಿನ ನದಿ ಮಾತ್ರ ಸರೋವರದ ಆಳದಿಂದ ಬರುವುದರಿಂದ ನಡುಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ.

ಜುಲೈನಿಂದ ಸೆಪ್ಟೆಂಬರ್ ನಡುಭಾಗದವರೆಗೆ ಇಲ್ಲಿಗೂ ಮಳೆಗಾಲ. 1997ರ ಆಗಸ್ಟ್ 12ರಂದು ಕೆಳಗಿನ ಕಂದರದಲ್ಲಿ ಹನ್ನೊಂದು ಪ್ರವಾಸಿಗರು ಹಠಾತ್ ಪ್ರವಾಹಕ್ಕೆ ಬಲಿಯಾದರು. ಮಳೆ ಸುರಿದದ್ದು ಕಂದರದ ಮೇಲಲ್ಲ, ಹಲವು ಮೈಲಿ ಮೇಲ್ಭಾಗದಲ್ಲಿ. ಅಂದಿನಿಂದ ಎಚ್ಚರಿಕೆಯ ವ್ಯವಸ್ಥೆ ಬಿಗಿಯಾಗಿದೆ, ಪ್ರವಾಹದ ಸಂಭವವಿದ್ದರೆ ಪ್ರವಾಸ ರದ್ದಾಗುತ್ತದೆ. ಈ ತಿಂಗಳುಗಳಲ್ಲಿ ಹೋಗುವವರು ಕಂದರದ ಟಿಕೆಟನ್ನು ಮೊದಲ ದಿನಕ್ಕೆ ಇಟ್ಟುಕೊಂಡು ಎರಡು ರಾತ್ರಿಗೆ ಕೊಠಡಿ ಹಿಡಿಯಬೇಕು. ರದ್ದಾದರೆ ಮರುದಿನದ ಅವಕಾಶ ಕೇಳಬಹುದು.

ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಬಲವಾಗಿ ಬೀಸಿ ಮರಳು ಏಳುತ್ತದೆ. ಸರೋವರದ ಲೋನ್ ರಾಕ್ ಬೀಚ್‌ನಂಥ ದಂಡೆಯಲ್ಲಿ, ನೀರಿನ ಪಕ್ಕವೇ ಟೆಂಟ್ ಹಾಕುವ ಆಸೆಯಿದ್ದರೆ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಹೆಚ್ಚು ಸರಿ. ಅಲ್ಲಿಯೂ ಮೆತ್ತನೆ ಮರಳಿನಲ್ಲಿ ಸಾಮಾನ್ಯ ಕಾರು ಹೂತುಹೋಗುತ್ತದೆ, ಗಟ್ಟಿ ನೆಲ ಮುಗಿಯುವಲ್ಲೇ ನಿಲ್ಲಿಸಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಬಾಡಿಗೆಯೂ ಇಳಿಯುತ್ತದೆ. ಬಿಸಿಲಿನ ಕೋಲು ಬೇಡ, ಜನಜಂಗುಳಿಯೂ ಬೇಡ ಎನ್ನುವವರಿಗೆ ಅದು ಒಳ್ಳೆಯ ಕಾಲ.

ಹೆಜ್ಜೆ 5: ಜೊತೆಗಿರುವವರ ಊಟ ಮತ್ತು ಮಂಡಿ

ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ಪಿಜ್ಜಾ ಮತ್ತು ಮೆಕ್ಸಿಕನ್ ಊಟ ಸಿಗುತ್ತವೆ, ಆದರೆ ಮೆಕ್ಸಿಕನ್ ಅಡುಗೆಯ ಅರೆದ ಬೀನ್ಸ್ ಕಾಳಿನಲ್ಲಿ ಹಂದಿಕೊಬ್ಬು ಇರಬಹುದಾದ್ದರಿಂದ ಕೇಳಿಯೇ ತಿನ್ನಬೇಕು. ಎರಡು ರಾತ್ರಿಗಿಂತ ಹೆಚ್ಚಿದ್ದರೆ ಅಡುಗೆಮನೆಯಿರುವ ವಸತಿಯನ್ನೇ ಹುಡುಕಿ. ಕಿಚನೆಟ್ ಎಂಬ ಪದಕ್ಕೆ ಮರುಳಾಗಬೇಡಿ. ಎಷ್ಟೋ ಕಡೆ ಅದರರ್ಥ ಮೈಕ್ರೋವೇವ್ ಮತ್ತು ಸಣ್ಣ ಫ್ರಿಜ್ ಮಾತ್ರ. ಒಲೆ ಇದೆಯೇ, ಪಾತ್ರೆ ಇದೆಯೇ, ಎಲೆಕ್ಟ್ರಿಕ್ ಕುಕ್ಕರ್ ಇಡಬಹುದೇ ಎಂದು ಬರೆದು ಕೇಳಿ. ಒಗ್ಗರಣೆಯ ಹೊಗೆಗೆ ಎಚ್ಚರಿಕೆಯ ಗಂಟೆ ಕೂಗಿಕೊಳ್ಳುವುದು ಖಂಡಿತ, ಆದ್ದರಿಂದ ಚಿತ್ರಾನ್ನದ ಗೊಜ್ಜು, ಪುಳಿಯೋಗರೆ ಗೊಜ್ಜನ್ನು ಮನೆಯಿಂದಲೇ ಮಾಡಿ ತಂದರೆ ಅನ್ನ ಬೇಯಿಸಿದರೆ ಸಾಕಾಗುತ್ತದೆ.

ಹಿರಿಯರಿದ್ದರೆ ನೆಲಮಹಡಿಯ ಕೊಠಡಿಯನ್ನೋ ಲಿಫ್ಟ್ ಇರುವ ಹೋಟೆಲ್ಲನ್ನೋ ಆರಿಸಿ. ಎರಡಂತಸ್ತಿನ ಹಳೆಯ ಮೋಟೆಲ್‌ಗಳಲ್ಲಿ ಸಾಮಾನ್ಯವಾಗಿ ಲಿಫ್ಟ್ ಇರುವುದಿಲ್ಲ. ಕಾರಿಲ್ಲದೆ ಬರುವ ಯೋಚನೆಯನ್ನು ಬಿಟ್ಟುಬಿಡುವುದು ಒಳ್ಳೆಯದು: ಇಲ್ಲಿ ಟ್ಯಾಕ್ಸಿಯನ್ನು ನಂಬಿ ಕೂರುವಂತಿಲ್ಲ. ಫೀನಿಕ್ಸ್ ಮತ್ತು ಲಾಸ್ ವೇಗಾಸ್ ಎರಡೂ ಸುಮಾರು ನಾಲ್ಕೂವರೆ ಗಂಟೆಯ ದಾರಿ.

ಹೆಜ್ಜೆ 6: ಹಣ ಕಟ್ಟುವ ಮುನ್ನ

ಪರದೆಯ ಮೇಲೆ ಕಾಣುವ ಬಾಡಿಗೆ ಪೂರ್ತಿ ಬಾಡಿಗೆಯಲ್ಲ. ತೆರಿಗೆ, ಸ್ವಚ್ಛತಾ ಶುಲ್ಕ, ರೆಸಾರ್ಟ್ ಶುಲ್ಕ ಸೇರಿದ ಮೊತ್ತವನ್ನೇ ಹೋಲಿಸಬೇಕು. ಸರೋವರದ ನೋಟ ಎಂದು ಬರೆದಿದ್ದರೆ ನಕ್ಷೆಯ ಉಪಗ್ರಹ ಚಿತ್ರದಲ್ಲಿ ಕಟ್ಟಡ ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿ. ನೀರಿನ ಮಟ್ಟ ಇಳಿದ ವರ್ಷಗಳಲ್ಲಿ ಹಳೆಯ ಚಿತ್ರದಲ್ಲಿ ನೀಲಿಯಾಗಿ ಕಂಡದ್ದು ಈಗ ಕೆಂಪು ಮಣ್ಣಾಗಿರಬಹುದು. ಉಪಾಹಾರ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂಬುದನ್ನೂ ಕೇಳಿ, ಏಕೆಂದರೆ ಕಂದರದವರು ಹೇಳಿದ ಸಮಯಕ್ಕಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಹಾಜರಿರಲು ಹೇಳುತ್ತಾರೆ, ಏಳಕ್ಕೆ ಉಪಾಹಾರ ಇಡುವ ಹೋಟೆಲ್ಲಿನಿಂದ ಏಳೂವರೆಯ ಪ್ರವಾಸಕ್ಕೆ ಹಸಿದೇ ಹೋಗಬೇಕಾಗುತ್ತದೆ. ಕಂದರದೊಳಗೆ ಚೀಲಗಳನ್ನು ಬಿಡುವುದಿಲ್ಲ, ಆದ್ದರಿಂದ ಕೊಠಡಿ ಖಾಲಿ ಮಾಡುವ ದಿನವೇ ಪ್ರವಾಸವಿದ್ದರೆ ಬೆಲೆಬಾಳುವ ಸಾಮಾನನ್ನು ಕಾರಿನಲ್ಲಿ ಬಿಡದೆ ಹೋಟೆಲ್ಲಿನಲ್ಲಿ ಇಟ್ಟುಹೋಗಬಹುದೇ ಎಂದು ವಿಚಾರಿಸಿ.

ರದ್ದತಿಯ ನಿಯಮವನ್ನು ಟಿಕೆಟ್ಟಿನ ನಿಯಮದ ಪಕ್ಕದಲ್ಲಿಟ್ಟು ಓದಿ. ಮಳೆಯಿಂದ ಪ್ರವಾಸ ರದ್ದಾದರೆ ಕಂದರದ ಸಂಸ್ಥೆ ಹಣ ಹಿಂದಿರುಗಿಸಬಹುದು, ಆದರೆ ಅದರಿಂದ ಹೋಟೆಲ್ ಬಾಡಿಗೆ ಹಿಂದಿರುಗುವುದಿಲ್ಲ.

ಹೆಜ್ಜೆ 7: ರಾತ್ರಿಗಳನ್ನು ಹಂಚಿಕೊಳ್ಳಿ

ಒಂದೇ ರಾತ್ರಿಯಿದ್ದರೆ ಪೇಜ್ ಊರು. ಬಂದ ದಿನ ಸಂಜೆ ಹಾರ್ಸ್‌ಶೂ ಬೆಂಡ್, ಮರುದಿನ ಕಂದರ, ಮಧ್ಯಾಹ್ನ ಹೊರಡುವುದು. ಎರಡು ರಾತ್ರಿಯಿದ್ದರೂ ಬಿಡಾರ ಬದಲಿಸದೆ ಅಲ್ಲಿಯೇ ಇದ್ದು, ನಡುವಿನ ದಿನ ವಾವೀಪ್‌ಗೆ ಹೋಗಿ ಸಣ್ಣ ದೋಣಿಯಾನ ಮಾಡಬಹುದು. ಮೂರು ರಾತ್ರಿಯಿದ್ದರೆ ಮಾತ್ರ ಎರಡು ಜಾಗಗಳನ್ನು ಹಿಡಿಯುವುದರಲ್ಲಿ ಅರ್ಥವಿದೆ: ಮೊದಲ ರಾತ್ರಿ ಪೇಜ್, ಕಂದರ ಮುಗಿದ ಮೇಲಿನ ಎರಡು ರಾತ್ರಿ ವಾವೀಪ್. ಈ ಕ್ರಮವನ್ನು ತಿರುಗಿಸಬೇಡಿ. ಬೆಳಗಿನ ಟಿಕೆಟ್ಟಿನ ಆತುರ ಮುಗಿದ ಮೇಲೆ ನೀರಿನ ಪಕ್ಕ ಕುಳಿತುಕೊಳ್ಳುವುದೇ ಬೇರೆ. ಅದಕ್ಕಿಂತ ಹೆಚ್ಚು ದಿನಗಳಿದ್ದರೆ ನವಾಹೊ ಮನೆಯೊಂದರಲ್ಲಿ ಒಂದು ರಾತ್ರಿ ಸೇರಿಸಿ, ಅಲ್ಲಿಂದ ಎರಡು ಗಂಟೆಯ ಮಾನ್ಯುಮೆಂಟ್ ವ್ಯಾಲಿಯ ಕಡೆಗೆ ಸಾಗಬಹುದು. ಆ ಬೆಳಿಗ್ಗೆ ಫೋನಿನ ಗಡಿಯಾರವನ್ನು ನವಾಹೊ ಸಮಯಕ್ಕೆ ಬದಲಿಸಿಕೊಂಡು, ಕಾರಿನ ಟ್ಯಾಂಕನ್ನು ಹಿಂದಿನ ದಿನವೇ ಪೇಜ್‌ನಲ್ಲಿ ತುಂಬಿಸಿಕೊಂಡು ಹೊರಡಿ. 98ನೇ ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕ್‌ಗಳು ತೀರ ವಿರಳ.